ಕೋಳದ ಇನ್ನೊಂದು ಬಳೆ

ನಾನೊಂದು ಕೈಕೋಳ. ಕಾದ ಕಬ್ಬಿಣ ಬಡಿದು ನನ್ನನ್ನು ಮಾಡಿದ ಕಮ್ಮಾರ, ಬೀಗ ತಿರುವಿ ನೋಡಿ, ತೃಪ್ತಿಯಿಂದ ಬೀಡಿ ಹಚ್ಚಿದ. ಹಿಡಿದದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಮೂವರು ಪೇದೆಗಳ ಕೈ ದಾಟಿ, ಕಲ್ಲುಕ್ವಾರಿಗಳ ಊರೊಂದರ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಸಂಗನಬಸಪ್ಪನ ಪಾಲಿಗೆ ಬಂದೆ. ಕೋಳಿ ಕದ್ದವರು, ಸೈಕಲ್ ಕದ್ದವರು ಬಳೆಗಾರನ ಮುಂದೆ ಕೂತ ಹೆಂಗಸರ ಹಾಗೆ ಕೈ ಚಾಚುತ್ತಿದ್ದರು. ಎರಡು ತಿಂಗಳಿಗೆ ಮನೆ ಸೇರುವವನು ಪೊಲೀಸರ ಮೇಲೆ ಯಾಕೆ ಕೈ ಮಾಡಿಯಾನು?

ಯಮನೂರಪ್ಪನ ಸಂಗತಿ ಬೇರೆ. ಅವನು ಕ್ವಾರಿಯಲ್ಲಿ ಕಲ್ಲು ಒಡೆಯುವವನು. ಜಗಳದಲ್ಲಿ ಅವನು ನೂಕಿದ ಮೇಸ್ತ್ರಿ ಬಂಡೆಯಿಂದ ಬಿದ್ದು ಸತ್ತಿದ್ದ. ನಾವು ಹೋದಾಗ ಅವನು ಕ್ವಾರಿಯ ಮೂಲೆಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ. ಹೊಸದಾಗಿ ಬಂದಿದ್ದ ಸಬ್ ಇನ್‌ಸ್ಪೆಕ್ಟರ್, ಹೆದರಿಸಿದರೆ ಶರಣಾಗುತ್ತಾನೆಂದು ದೂರದಿಂದಲೇ ಕೂಗಿದರು: "ನಿಂಗೆ ಗಲ್ಲು ಗ್ಯಾರಂಟಿ ಕಣೋ. ಸುಮ್ನೆ ಬಾ."

ಗಲ್ಲಿಗೆ ಯಾರಾದರೂ ಸುಮ್ಮನೆ ಬರುತ್ತಾರೆಯೇ? ಅವನು ಸುತ್ತಿಗೆ ಬೀಸಿದ. ಹತ್ತಿರ ಹೋಗಿದ್ದ ಸಂಗನಬಸಪ್ಪನ ಹುಬ್ಬನ್ನು ಅದರ ಅಂಚು ಸೀಳಿತು. ಇನ್ನೊಬ್ಬನನ್ನು ಕೊಂದರೂ ಎರಡನೆಯ ಸಲ ನೇಣು ಹಾಕುವುದಿಲ್ಲವಲ್ಲ! ಸಬ್ ಇನ್‌ಸ್ಪೆಕ್ಟರ್ ಪಿಸ್ತೂಲು ತೆಗೆದರು.

ಸಂಗನಬಸಪ್ಪ ಅಡ್ಡ ನಿಂತ. ನನ್ನ ಎರಡು ಬಳೆಗಳಲ್ಲಿ ಮೊದಲನೆಯದು ಕೈದಿಗೆ, ಎರಡನೆಯದು ಪೇದೆಗೆ, ಅದು ಪದ್ಧತಿ. ಅವನು ಮೊದಲು ತನ್ನ ಎಡಗೈಗೇ ಹಾಕಿಕೊಂಡು, ಖಾಲಿ ಬಳೆಯನ್ನು ಮುಂದೆ ಚಾಚಿದ.

"ಗಲ್ಲು ಕೊಡಾಕ ಸಾಹೇಬ್ರು ಜಡ್ಜ್ ಅಲ್ಲೋ ತಮ್ಮಾ. ನೀ ನೂಕಿದಿ, ಅಂವ ಬಿದ್ದ. ಅದನ್ನ ಕೋರ್ಟಿನ್ಯಾಗ ಹೇಳು. ಅಲ್ಲೀತನಕ ನನ್ನ ಕೈ ನಿನ್ನ ಕೈಗೇ ಇರತೈತಿ. ನಿನಗ ಹೊಡಿಯೋ ಗುಂಡು ನನಗೂ ಬೀಳತೈತಿ."

ಯಮನೂರಪ್ಪ ಸುತ್ತಿಗೆ ಕೆಳಗಿಟ್ಟ. ಆಮೇಲೆ ಖಾಲಿ ಬಳೆಗೆ ಕೈ ಕೊಟ್ಟ. ನನ್ನ ಹಿಡಿತಕ್ಕೆ ಅಲ್ಲಿ ಕೆಲಸವೇ ಬೀಳಲಿಲ್ಲ. ನನಗೆ ತುಸು ಅವಮಾನವೂ ಆಯಿತು.

ಈಗ ಠಾಣೆಯ ಹಳೇ ಬೀರುವಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ಹೊಳೆಯುವ ಹೊಸ ಕೋಳಗಳು ತಮ್ಮ ಹಿಡಿತದ ಬಗ್ಗೆ ಜಂಬ ಕೊಚ್ಚಿಕೊಂಡಾಗಲೆಲ್ಲ ಅವಕ್ಕೆ ತೀರ್ಪಿನ ದಿನದ ಕಥೆ ಹೇಳುತ್ತೇನೆ. ಕೊಲ್ಲುವ ಉದ್ದೇಶವಿರಲಿಲ್ಲವೆಂದು ನ್ಯಾಯಾಧೀಶರು ಏಳು ವರ್ಷ ಕೊಟ್ಟರು. ಯಮನೂರಪ್ಪ ಅತ್ತುಬಿಟ್ಟ. ಸಂಗನಬಸಪ್ಪನ ಹುಬ್ಬಿನ ಮೇಲಿನ ಕಲೆಯನ್ನೇ ನೋಡುತ್ತ ಅಂದ:

"ಏಳು ವರ್ಷ ಅಂತ ಅವತ್ತ ಯಾರರ ಹೇಳಿದ್ರ, ನಾನ ಠಾಣೇಕ್ಕ ನಡಕೊಂತ ಬರತಿದ್ನಲ್ರಿ ಯಪ್ಪಾ."