ಪೆರ್ಲಾ ಕದಲಲಿಲ್ಲ

"ಇನ್ನೊಂದು ಸುತ್ತು ಬಿಗೀರೋ, ಇಳಿಜಾರಲ್ಲಿ ಮುದುಕ ಜಾರಿಗೀರಿ ಬಿದ್ದಾನು!"

ಪಕ್ಕದ ಹೊಲದ ಬಾಲ್ದೊಮೇರೋ ಹೇಳಿದಂತೆ ಗಂಡಸರು ಶವಪೆಟ್ಟಿಗೆಯ ಮೇಲಿಂದ ಹಗ್ಗ ಎಸೆದು ಗಾಡಿಯ ಅಡ್ಡಮರಕ್ಕೆ ಬಿಗಿದರು. ಇಬ್ಬರು ಹೆಂಗಸರು ಕಂಕುಳಿಗೆ ಕೈಕೊಟ್ಟು ಎಲ್ಸೀರಾಳನ್ನು ಮೇಲೆತ್ತಿ ಪೆಟ್ಟಿಗೆಯ ಪಕ್ಕದಲ್ಲಿ, ಅಪ್ಪ ಸೊಫಾನೋರನ ತಲೆಯ ಹತ್ತಿರ ಕೂರಿಸಿದರು. ಸೊಂಟ ಮುರಿದುಕೊಂಡ ಮೇಲೆ ಅವಳಿಗೆ ಕೆಸರಿನಲ್ಲಿ ನಡೆಯಲಾಗುತ್ತಿರಲಿಲ್ಲ. ಇಲ್ಲದಿದ್ದರೆ ಅವಳು ಕೂತು ಹೋಗುವವಳೇ ಅಲ್ಲ. ಅವಳ ಜಾಗ ಮುಂದೆ, ಕುದುರೆಗಳ ಮೂತಿಯ ಹತ್ತಿರ.

ಈಗ ಅಲ್ಲಿ ಅವಳ ಅಣ್ಣನ ಮಗ ನಿವಾಲ್ದೋ ನಿಂತಿದ್ದ. ಪೆರ್ಲಾಳ ಲಗಾಮು ಹಿಡಿದು ಜಗ್ಗಿದ. ಪೆರ್ಲಾ ಕದಲಲಿಲ್ಲ. ನಾಲಗೆಯಿಂದ ಲೊಚಗುಟ್ಟಿದ, ಕುತ್ತಿಗೆ ತಟ್ಟಿದ, ಕೊನೆಗೆ ಬೈದ. ಬೂದಿ ಬಣ್ಣದ ಆ ದೊಡ್ಡ ಹೆಣ್ಣುಕುದುರೆ ಕಿವಿ ಹಿಂದಕ್ಕೆ ತಿರುಗಿಸಿಕೊಂಡು ಸುಮ್ಮನೆ ನಿಂತಿತ್ತು. ಜೊತೆಗೆ ಕಟ್ಟಿದ್ದ ಮೋರೋ ಅವಳ ಮುಖ ನೋಡಿದ. ಅವನಿಗೆ ಸ್ವಂತ ಬುದ್ಧಿ ಅನ್ನುವುದು ಎಂದೂ ಇರಲಿಲ್ಲ. ಅವಳು ಹೊರಟರೆ ಹೊರಡುವವನು, ನಿಂತರೆ ನಿಲ್ಲುವವನು.

"ಥೇಟ್ ದೋನ್ ಸೊಫಾನೋರ್ ನೋಡ್ರೇ," ಎಂದಳು ಪ್ರಾರ್ಥನೆ ಹೇಳಿಸುವ ದೋನ್ಯಾ ಹೆರ್ಮೀನಿಯಾ, ಶಾಲಿನ ಮೇಲಿನ ಮಳೆಹನಿ ಕೊಡವುತ್ತ. "ಅವನ ಹಟ ಪೂರಾ ಇವಳಿಗೆ ಬಂದಿದೆ. ಎಲ್ಸೀರಾ, ಕೊನೇಗಳಿಗೇಲಿ ಏನಂದನೇ ನಿಮ್ಮಪ್ಪ?"

"ಪೆರ್ಲಾಗೆ ಹುಲ್ಲು ಹಾಕಿದ್ರಾ ಅಂದ."

"ನಿಂಗೆ? ನಿಂಗೇನೂ ಅನ್ಲಿಲ್ವಾ?"

"ಇಲ್ಲ."

ಹೆಂಗಸರು ನಗಲೂ ಆಗದೆ ಅಳಲೂ ಆಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಲ್ದೊಮೇರೋ ಹಗ್ಗದ ಗಂಟನ್ನು ಮತ್ತೆ ಬಿಚ್ಚಿ ಮತ್ತೆ ಕಟ್ಟತೊಡಗಿದ.

*

ಎಲ್ಸೀರಾ ಲಂಗ ಎತ್ತಿ ಕಟ್ಟಿಕೊಂಡು ಆಲೂಗಡ್ಡೆ ಹೊಲದಲ್ಲಿ ಕುದುರೆ ನಡೆಸಲು ನಿಂತಾಗ ಇನ್ನೂ ಸಣ್ಣವಳು. ಅವಳು ಮುಂದೆ, ನಡುವೆ ಕುದುರೆಗಳು, ಹಿಂದೆ ನೇಗಿಲು ಹಿಡಿದ ಅಪ್ಪ. ದಿನವಿಡೀ ಅಪ್ಪನ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಸಾಲಿನ ಕೊನೆ ಬಂದರೆ "ಎಲ್ಸೀ...ರಾ" ಎಂದು ಎಳೆದು ಕೂಗುತ್ತಿದ್ದ. ಅವಳು ತಿರುಗುತ್ತಿದ್ದಳು.

ದೊಡ್ಡವಳಾದ ಮೇಲೆ ಕಡಲ ಕಾಲುವೆಯ ಆಚೆ ದಡದಿಂದ ಒಬ್ಬ ದೋಣಿಯವನು ಬಂದ. ಅವನ ಜೊತೆ ಹೋಗುತ್ತೇನೆ ಎಂದಳು. ಬಿತ್ತನೆಯ ಹೊತ್ತು. ಅಪ್ಪ ನೇಗಿಲ ಗುಳ ಉಜ್ಜುತ್ತಿದ್ದವನು ತಲೆ ಎತ್ತಲಿಲ್ಲ.

"ಹೋಗು. ಹೋದ್ರೆ ನಿನ್ನ ಹೆಸರು ಮತ್ತೆ ಈ ಬಾಯಲ್ಲಿ ಬರಲ್ಲ."

ಹೋದಳು. ದೋಣಿಯವನು ಕುಡಿದು ಹೊಡೆಯುವವನು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಗಂಟುಮೂಟೆ ಕಟ್ಟಿಕೊಂಡು ವಾಪಸು ಬಂದು ಬೇಲಿಯ ಬಾಗಿಲಲ್ಲಿ ನಿಂತಳು. ಅಪ್ಪ ಬಾಗಿಲು ತೆಗೆದ. ಏನಾಯಿತೆಂದು ಕೇಳಲಿಲ್ಲ, ಬೈಯಲಿಲ್ಲ. ಕುದುರೆಯ ಹಗ್ಗ ತಂದು ಅವಳ ಕೈಗೆ ಕೊಟ್ಟ. ಆದರೆ ಆಡಿದ ಮಾತು ಆಡಿದ್ದೇ ಎನ್ನುವ ಜಾತಿಯವನು, ಹೆಸರು ಬರಲಿಲ್ಲ.

ಅಂದಿನಿಂದ ಅವಳಿಗೆ ಹೇಳಬೇಕಾದ್ದನ್ನೆಲ್ಲ ಕುದುರೆಗೆ ಹೇಳತೊಡಗಿದ. ಮೊದಲು ಪೆರ್ಲಾಳ ತಾಯಿಗೆ, ಆಮೇಲೆ ಪೆರ್ಲಾಗೆ.

"ಪೆರ್ಲಾ, ಮಳೆ ಬರೋ ಹಂಗಿದೆ. ಕಂಬಳಿ ಹೊದ್ದುಕೊಂಡ್ರೆ ಒಳ್ಳೇದಪ್ಪ."

"ಪೆರ್ಲಾ, ನಂಗೇನೂ ಚಳಿ ಇಲ್ಲ ಅಂತ ಹೇಳು," ಎನ್ನುತ್ತಿದ್ದಳು ಎಲ್ಸೀರಾ.

"ಪೆರ್ಲಾ, ಜ್ವರ ಬಂದ್ರೆ ಔಷಧಿ ಅರೆಯೋರು ಯಾರು ಅಂತ ಕೇಳು."

ಊರವರಿಗೆ ಇದೊಂದು ತಮಾಷೆ. ಎಲ್ಸೀರಾಳೂ ಎಷ್ಟೋ ಸಲ ನಕ್ಕಿದ್ದಾಳೆ. ಆದರೆ ರಾತ್ರಿ ಒಲೆಯ ಮುಂದೆ ಕುದುರೆ ಇರುತ್ತಿರಲಿಲ್ಲ. ಅಲ್ಲಿ ಅಪ್ಪ, ಮಗಳು ಇಬ್ಬರೇ. ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿದು ತಟ್ಟೆಯನ್ನು ಅವಳ ಕಡೆ ತಳ್ಳುತ್ತಿದ್ದ, ಅಷ್ಟೇ. ಒಂದು ಸಲ, ಒಂದೇ ಒಂದು ಸಲ ಕರೆದರೆ ಸಾಕಲ್ಲ ಎಂದು ಅವಳು ಆಸೆಯಿಂದ ಕಾಯುತ್ತಿದ್ದಳು. ಕೂದಲು ನೆರೆಯಿತು. ಆಸೆ ಹಾಗೇ ಉಳಿಯಿತು.

ಕಳೆದ ಬಿತ್ತನೆಗೆ ಮುಂಚೆ ಕೊಟ್ಟಿಗೆಯ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿಯಿತು. ಪುವೆರ್ತೊ ಮಾಂಟ್‌ ಪಟ್ಟಣದ ಆಸ್ಪತ್ರೆಯಲ್ಲಿ ಒಂದು ಸಲ ಕೊಯ್ದರು, ಎಲುಬು ಕೂಡಲಿಲ್ಲವೆಂದು ಮತ್ತೆ ಕೊಯ್ದರು. ಆಲೂಗಡ್ಡೆ ಅಗೆದು ಮುಗಿಯುವವರೆಗೂ ಅವಳು ಪಟ್ಟಣದ ಚಿಕ್ಕಮ್ಮನ ಮನೆಯಲ್ಲೇ ಇರಬೇಕಾಯಿತು. ಅಪ್ಪ ಒಮ್ಮೆಯೂ ಬರಲಿಲ್ಲ. ಬಾಲ್ದೊಮೇರೋನ ಕೈಯಲ್ಲಿ ಒಂದು ಮೂಟೆ ಆಲೂಗಡ್ಡೆ ಕಳಿಸಿದ್ದ.

"ಏನಾದ್ರೂ ಹೇಳಿದ್ನಾ?" ಎಂದು ಕೇಳಿದ್ದಳು.

ಬಾಲ್ದೊಮೇರೋ ಟೋಪಿಯ ಅಂಚು ತಿರುಗಿಸುತ್ತ, "ಇಲ್ಲಮ್ಮ," ಎಂದಿದ್ದ. ಅವಳು ಊರಿಗೆ ಮರಳುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದಿದ್ದ. ಮತ್ತೆ ನೇಗಿಲು ಮುಟ್ಟಲಿಲ್ಲ.

*

"ಅತ್ತೆ, ಸಾಕು," ಎಂದ ನಿವಾಲ್ದೋ. ಕೈಯೆಲ್ಲ ಕೆಸರು. "ಪಾದ್ರಿಗಳು ಕಾಯ್ತಾ ಇರ್ತಾರೆ. ನನ್ನ ಪಿಕಪ್ ತರ್ತೀನಿ, ಅದರಲ್ಲೇ ತಾತನ್ನ ಕರ್ಕೊಂಡು ಹೋಗೋಣ."

"ಅಪ್ಪ ಅವನ ಕುದುರೆ ಗಾಡೀಲೇ ಹೋಗೋದು."

"ಕುದುರೆ ಹೋಗ್ಬೇಕಲ್ಲ!"

ಎಲ್ಸೀರಾ ತಾನೇ ಕೂಗಿ ನೋಡಿದಳು. "ಹೊರಡೇ ಪೆರ್ಲಾ, ಹೋಯ್!" ಪೆರ್ಲಾಳ ಕಿವಿ ಅಲ್ಲಾಡಿತು. ಕಾಲು ಕೀಳಲಿಲ್ಲ. ಜೀವಮಾನವೆಲ್ಲ ತನ್ನ ಕೈಯ ಉಪ್ಪು ನೆಕ್ಕಿದ ಕುದುರೆಯೂ ತನ್ನ ಮಾತು ಕೇಳದೇ ಹೋಯಿತಲ್ಲ ಎಂದುಕೊಂಡಳು. ಪೆಟ್ಟಿಗೆಯ ಮೇಲೆ ಕೈ ಊರಿ ತಲೆ ತಗ್ಗಿಸಿದಳು.

"ಸರಿ. ಬಿಚ್ಚಿ. ಪಿಕಪ್ ತಾ."

ಆಗ ಬಾಲ್ದೊಮೇರೋ ಗಾಡಿಯ ಗಾಲಿಯ ಹತ್ತಿರ ಬಂದ. ಟೋಪಿ ತೆಗೆದಿದ್ದ.

"ಎಲ್ಸೀರಾ, ನಿನ್ನ ಹೆಸರು ಕೂಗು."

"ಏನು?"

"ನಿನ್ನ ಹೆಸರು. ಅದಕ್ಕೇ ಅವಳು ಹೊರಡೋದು."

ಎಲ್ಲರೂ ಅವನನ್ನೇ ನೋಡಿದರು. ಅವನು ನೆಲ ನೋಡುತ್ತ ಮಾತಾಡಿದ.

"ನೀನು ಆಸ್ಪತ್ರೇಲಿದ್ದಾಗ ನಿಮ್ಮಪ್ಪ ಒಬ್ಬನೇ ನೇಗಿಲು ಹೂಡಿದ. ಮೊದಲ್ನೇ ದಿನ ಪೆರ್ಲಾ ಇದೇ ಥರ ನಿಂತ್ಬಿಟ್ಲು. ಮುಂದೆ ನೀನಿಲ್ವಲ್ಲ. ಬೈದ, ಬೇಡ್ಕೊಂಡ. ಸಾಕಾಗಿ ನೇಗಿಲು ಬಿಟ್ಟು ಮಣ್ಣಲ್ಲೇ ಕೂತ್ಕೊಂಡು, ಪಟ್ಟಣದ ಕಡೆ ಮುಖ ಮಾಡಿ ನಿನ್ನ ಹೆಸರು ಕೂಗಿದ. ಪೆರ್ಲಾ ಹೊರಟೇಬಿಟ್ಲು, ಬರೀ ನೇಗಿಲು ಎಳ್ಕೊಂಡು. ಆವತ್ತಿಂದ ಸಾಲು ಸಾಲಿಗೂ ಅದೇ. ನಮ್ಮನೆ ಅಡುಗೆಮನೆವರೆಗೂ ಕೇಳೋದು."

"ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಲ್ಸೀರಾಳ ದನಿ ಒಡೆದಿತ್ತು. "ಮೂಟೆ ತಂದಾಗ ಕೇಳಿದ್ನಲ್ಲೋ!"

"ಆಣೆ ಇಡಿಸ್ಕೊಂಡಿದ್ದ ಕಣಮ್ಮ. ಹೇಳಿದ್ರೆ ಬೇಲಿ ದಾಟಿ ಬರ್ಬೇಡ ಅಂದಿದ್ದ. ನಾಚಿಕೆ ಮುದುಕನಿಗೆ. ಇವತ್ತೋ ನಾಳೆಯೋ ತಾನೇ ಹೇಳ್ತಾನೆ ಅಂದ್ಕೊಂಡೆ."

ದೋನ್ಯಾ ಹೆರ್ಮೀನಿಯಾ ಶಿಲುಬೆಯ ಗುರುತು ಹಾಕಿಕೊಂಡಳು.

ಎಲ್ಸೀರಾ ಬಾಯಿ ತೆರೆದಳು. ಊರೆಲ್ಲ ನೋಡುತ್ತಿರುವಾಗ ತನ್ನನ್ನು ತಾನೇ ಕರೆಯುವುದು ಹೇಗೆ? ಪೆಟ್ಟಿಗೆಯ ಹಲಗೆಯನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ, ಅಪ್ಪ ಎಳೆಯುತ್ತಿದ್ದ ಹಾಗೆಯೇ ಎಳೆದು ಕೂಗಿದಳು.

"ಎಲ್ಸೀ...ರಾ!"

ಪೆರ್ಲಾ ತಲೆ ತಗ್ಗಿಸಿ ಎದೆಪಟ್ಟಿಗೆ ಭಾರ ಕೊಟ್ಟಳು. ಮೋರೋ ಹೊರಟ. ಗಾಲಿಗಳು ಕೆಸರಿನಿಂದ ಕಿತ್ತು ಬಂದವು.

ಸ್ಮಶಾನದ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಗಾಡಿಯನ್ನು ಅಲ್ಲಲ್ಲಿ ನಿಲ್ಲಿಸಿ ಪ್ರಾರ್ಥನೆ ಹೇಳುವುದು ಪದ್ಧತಿ. ಪ್ರತಿ ಸಲ ನಿಂತಾಗಲೂ, ಪ್ರಾರ್ಥನೆ ಮುಗಿದ ಮೇಲೆ, ಎಲ್ಸೀರಾ ತನ್ನ ಹೆಸರು ಕೂಗಬೇಕಾಯಿತು. ಕೊನೆಯ ಏರಿನಲ್ಲಿ ಅಳು ನುಗ್ಗಿ ಅರ್ಧ ಹೆಸರೇ ಹೊರಬಂತು. ಪೆರ್ಲಾಗೆ ಅಷ್ಟೇ ಸಾಕಾಯಿತು.

*

ಮಣ್ಣು ಮುಚ್ಚಿದ ಮೇಲೆ ಜನ ಬಿಸಿ ಸಾರು ಕುಡಿಯಲು ಮನೆಯ ಕಡೆ ಇಳಿದರು. ಖಾಲಿ ಗಾಡಿಯಲ್ಲಿ ಎಲ್ಸೀರಾ ಒಬ್ಬಳೇ, ಸಮಾಧಿಗಳಿಗೆ ಬೆನ್ನು ಹಾಕಿ ಕೂತಿದ್ದಳು. ಕುದುರೆಗಳ ಮುಂದೆ ಯಾರೂ ಇರಲಿಲ್ಲ. ಪೆರ್ಲಾ ಕಿವಿ ಹಿಂದಕ್ಕೆ ತಿರುಗಿಸಿ ಕಾಯುತ್ತಿದ್ದಳು.

"ಕೂಗಮ್ಮ, ಕತ್ತಲಾಗುತ್ತೆ," ಎಂದ ಬಾಲ್ದೊಮೇರೋ ಗಾಡಿಯ ಹಿಂದಿನಿಂದ.

"ನೀನು ಕೂಗು."

"ನಾನಾ?"

"ನೀನು ಕೇಳಿದ್ದೀಯಲ್ಲ. ಅಪ್ಪ ಹೆಂಗೆ ಕೂಗ್ತಿದ್ದ, ಹಂಗೇ ಕೂಗು. ನಾನೂ ಒಂದ್ಸಲ ಕೇಳ್ತೀನಿ."

ಬಾಲ್ದೊಮೇರೋ ಅತ್ತಿತ್ತ ನೋಡಿದ. ಗಂಟಲು ಸರಿಮಾಡಿಕೊಂಡ. ಆಮೇಲೆ ಸಮಾಧಿಗಳ ಕಡೆಯಿಂದ, ಮುದುಕನ ಒರಟು ದನಿಯಲ್ಲಿ, ಆ ಹೆಸರು ಉದ್ದಕ್ಕೆ ಎದ್ದು ಬಂತು.

"ಓ..." ಎಂದಳು ಎಲ್ಸೀರಾ.

ಪೆರ್ಲಾ ಆಗಲೇ ಹೊರಟಿದ್ದಳು. ಪೆಟ್ಟಿಗೆಗೆ ಬಿಗಿದಿದ್ದ ಹಗ್ಗ ಖಾಲಿ ಹಲಗೆಯ ಮೇಲೆ ಅತ್ತಿಂದಿತ್ತ ಹೊರಳುತ್ತಿತ್ತು.