ಮಡುವಿನ ಕಡೆ ತಿರುಗಿದ ಬಿಳಲು

ಆಲದ ಬಿಳಲಿನ ತುದಿ ಇವತ್ತೂ ದಬ್ಬೆಯಿಂದ ಹೊರಬಿದ್ದು ಮಡುವಿನ ಕಡೆಗೇ ತಿರುಗಿತ್ತು. ಫಿಡಾಲಿನ್ ಅದನ್ನು ಸೀಳಿದ ಅಡಿಕೆ ದಬ್ಬೆಯೊಳಗೆ ಮತ್ತೆ ಕೂರಿಸಿ ನಾರಿನಿಂದ ಬಿಗಿದಳು. ದಬ್ಬೆ ನೆಟ್ಟಗೆ ಹಳ್ಳದ ಆಚೆ ದಡಕ್ಕೆ ಚಾಚಿಕೊಂಡಿತ್ತು. ಹಾಳಾದ ಬಿಳಲಿಗೆ ಮಾತ್ರ ಆ ದಾರಿ ಬೇಕಿರಲಿಲ್ಲ.

ಸೋಹ್ರಾ ಬೆಟ್ಟದ ಕೆಳಗಿನ ಈ ಹಳ್ಳಕ್ಕೆ ಕಟ್ಟಿದ ಸಿಮೆಂಟಿನ ಸೇತುವೆ ಎರಡೇ ಮಳೆಗೆ ಕೊಚ್ಚಿಹೋಗಿತ್ತು. ಆಲದ ಬಿಳಲುಗಳನ್ನು ದಡದಿಂದ ದಡಕ್ಕೆ ಬೆಳೆಸಿದ ಸೇತುವೆಯಾದರೆ ಮಳೆ ಕುಡಿದಷ್ಟೂ ಗಟ್ಟಿ. ಆ ಕೆಲಸ ಶುರುಮಾಡಿದವನು ಅವಳ ಅಣ್ಣ ಕಿರ್ಸೊಯ್. ಹೋದ ಮಳೆಗಾಲ ಹಳ್ಳ ಅವನನ್ನೇ ಮಡುವಿಗೆ ಎಳೆದುಕೊಂಡಿತು, ಹೆಣವೂ ಸಿಗಲಿಲ್ಲ. ಪದ್ಧತಿಯಂತೆ ಮನೆಯ ಕಿರಿಮಗಳು ಫಿಡಾಲಿನ್ ಅವನ ಮೂಳೆಗೆ ಬದಲಾಗಿ ಕವಡೆಗಳನ್ನು ಕುಲದ ಕಲ್ಲಿನಡಿ ಇಡಬೇಕಿತ್ತು. ಇನ್ನೂ ಇಟ್ಟಿರಲಿಲ್ಲ. ಇಟ್ಟರೆ ಅವನು ಸತ್ತನೆಂದು ಒಪ್ಪಿಕೊಂಡಂತೆ.

"ದಿಕ್ಕೆಟ್ಟ ಬಿಳಲು ಕಣೇ," ಎಂದ ಸೋದರಮಾವ ಶಾನ್‌ಬೋರ್, ಎಲೆಯಡಿಕೆ ಉಗಿದು. "ನಾಳೆ ಬೆಳಗ್ಗೆ ಕತ್ತರಿಸಿಬಿಡ್ತೀನಿ."

"ಅಣ್ಣ ಕೂರಿಸಿದ್ದು ಮಾವ, ಬೇಡ. ಇಷ್ಟುದ್ದ ಬೇರೆ ಯಾವುದು ಬಂದಿದೆ?"

"ಹೊಸದು ಇಷ್ಟಾಗೋ ಹೊತ್ತಿಗೆ ನಾನಂತೂ ಇರಲ್ಲ. ಆದ್ರೆ ಇದನ್ನ ಕರೆಯೋರು ಯಾರೂ ಇಲ್ವಲ್ಲ!"

ಬಿಳಲು ಕೂರಿಸಿದ ಮನೆಯವರೊಬ್ಬರು ದಿನವೂ ಆಚೆ ದಡದಲ್ಲಿ ನಿಂತು ಅದನ್ನು ಕರೆಯಬೇಕು. ಬಿಳಲು ದನಿ ಹಿಡಿದು ಬರುತ್ತದೆ ಎಂಬುದು ಅಲ್ಲಿಯವರ ನಂಬಿಕೆ.

"ನಾನು ಕರೀತೀನಲ್ಲ," ಎಂದಳು ಫಿಡಾಲಿನ್.

"ಯಾರನ್ನ? ದಿನಾ ಸಂಜೆ ಮಡುವಿನ ಹತ್ರ ಕೂತು ಕಿರ್ಸೊಯ್, ಕಿರ್ಸೊಯ್ ಅಂತೀಯ. ಊರಿಗೆಲ್ಲ ಕೇಳುತ್ತೆ. ಬಿಳಲೇನು ಕಿವುಡೇ?"

ಅವಳು ಬಿಳಲಿನ ತುದಿಯತ್ತ ನೋಡಿದಳು. ಇಷ್ಟು ದಿನ ಅದು ದಾರಿ ತಪ್ಪಿರಲೇ ಇಲ್ಲ. ಅವಳು ಕರೆದಲ್ಲಿಗೇ ಹೊರಟಿತ್ತು.

ಸಂಜೆ ಬಂಡೆಗಳ ಮೇಲೆ ಕಾಲಿಡುತ್ತ ಹಳ್ಳ ದಾಟಿ ಅವಳು ಆಚೆ ದಡದಲ್ಲಿ ನಿಂತಳು. ಮಡು ಬಲಗಡೆಗೆ, ಕೆಳಗೆ, ಕಪ್ಪಗಿತ್ತು. ಅತ್ತ ನೋಡದೆ ಬಿಳಲಿಗೆ, "ಬಾ, ಇತ್ತ ಬಾ," ಎಂದಳು.

ಗಾಳಿಯಿರಲಿಲ್ಲ. ನಾರಿನ ಕಟ್ಟಿನೊಳಗೆ ಬಿಳಲಿನ ತುದಿ ಮೆಲ್ಲಗೆ ಹೊರಳಿತು.

"ಫಿಡಾ," ಎಂದಿತು ಮಡು.

ಮನೆಯಲ್ಲಿ ಹಾಗೆ ಕರೆಯುತ್ತಿದ್ದವನು ಅಣ್ಣನೊಬ್ಬನೇ. ಆ ದನಿಯ ಆಸೆಯಲ್ಲೇ ಅವಳು ಇಷ್ಟು ದಿನ ಜೀವ ಹಿಡಿದಿದ್ದಳು. ಮಡುವಿನತ್ತ ಓಡಿಹೋಗಬೇಕೆನ್ನಿಸಿತು. ಪಕ್ಕದ ಬಂಡೆಯನ್ನು ತಬ್ಬಿಕೊಂಡಳು.

"ಫಿಡಾ, ಇಲ್ಲಿ."

ಬಿಳಲಿನ ತುದಿ ದಬ್ಬೆಯಂಚಿನಿಂದ ತಲೆಯೆತ್ತಿ, ಎತ್ತ ಹೋಗಲೆಂದು ತಿಳಿಯದೆ ನಿಂತಿತು.

"ಇತ್ತ ಬಾ," ಎಂದು ಅವಳು ಅಳುತ್ತಲೇ ಕಿರುಚಿದಳು. ಕೆಳಗಿನ ದನಿ ಕರೆದಾಗಲೆಲ್ಲ ಇನ್ನೂ ಜೋರಾಗಿ ಕರೆದಳು. ಕತ್ತಲಾಗುವ ಹೊತ್ತಿಗೆ ತುದಿ ದಬ್ಬೆಯೊಳಗೆ ಮಲಗಿತ್ತು. ಮಡು ಸುಮ್ಮನಾಗಿತ್ತು.