ಎಲಾದಿಯೊ ಇಟ್ಟ ಎತ್ತರ

ಕಪ್ಪು ಲಂಗ ಮಣ್ಣಾಗದಿರಲೆಂದು ಗೋಣಿಚೀಲ ಹಾಸಿಕೊಂಡು, ನೀವೆಸ್ ಟ್ರಕ್ಕಿನಡಿ ಅಂಗಾತ ಮಲಗಿ ಕೊನೆಯ ನಟ್ಟು ಬಿಗಿಯುತ್ತಿದ್ದಳು. ಚಿಕ್ಕಪ್ಪ ಅಬೆಲಿನೊನ ಹೊಳೆಯುವ ಬೂಟುಗಳು ಅವಳ ತಲೆಯ ಬಳಿ ಅತ್ತಿಂದಿತ್ತ ಓಡಾಡುತ್ತಿದ್ದವು.

“ನಿಮ್ಮಪ್ಪನ್ನ ಮಣ್ಣು ಮಾಡೋಕೆ ಒಂದು ಗಂಟೇನೂ ಉಳಿದಿಲ್ಲ. ನೀನಿನ್ನೂ ಗಾಡಿ ಕೆಳಗೇ ಇದೀಯಲ್ಲೇ!”

“ಅಪ್ಪ ಇಲ್ದೆ ಶುರು ಮಾಡೋಕಾಗಲ್ಲ ಬಿಡು, ಚಿಕ್ಕಪ್ಪ. ಆ ಸ್ಪ್ಯಾನರ್ ಕೊಡು.”

“ಸ್ಮಶಾನದ ಗೇಟಿನ ಉಬ್ಬು ದಾಟುತ್ತಾ ಇದು? ಹೊಟ್ಟೆ ತಗುಲಿ ನಿಂತ್ರೆ ಇಡೀ ಎಸ್ಪಾನ್ಯೋಲ ಊರೇ ನಗುತ್ತೆ.”

“ದಾಟುತ್ತೆ.”

ದಾಟುತ್ತದೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಾನು ಹಾಕಿದ ಬೆಸುಗೆ ಬಿಟ್ಟುಕೊಂಡದ್ದನ್ನು ಅವಳು ಇಂದಿಗೂ ಕಂಡಿಲ್ಲ. ಎದೆಯಲ್ಲಿ ಚುಚ್ಚುತ್ತಿದ್ದುದು ಬೇರೆ.

* * *

೧೯೫೪ರ ಆ ಹಸಿರು ಷೆವರ್ಲೆ ಟ್ರಕ್ಕು ಅಜ್ಜನ ಕಾಲದಲ್ಲಿ ಮೆಣಸಿನಕಾಯಿ ಹೊತ್ತದ್ದು. ಅವಳಪ್ಪ ಎಲಾದಿಯೊ ಅದರ ಸ್ಪ್ರಿಂಗಿನ ಪಟ್ಟಿಗಳನ್ನು ಕಳಚಿ ನೆಲಕ್ಕೆ ತಗ್ಗಿಸಿದ್ದ. ಅವರ ಊರಿನಲ್ಲಿ ಗಾಡಿ ನೆಲಕ್ಕೆ ಹತ್ತಿರವಾದಷ್ಟೂ ಯಜಮಾನನ ಮೀಸೆ ಮೇಲೇರುತ್ತದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ರಸ್ತೆ ಸಮ ಮಾಡುವ ಯಂತ್ರ ಓಡಿಸಿದ ಅವನಿಗೂ ಅದೊಂದು ಶೋಕಿ ಎಂದೇ ಎಲ್ಲರೂ ತಿಳಿದಿದ್ದರು. ನೀವೆಸ್ ಕೂಡ.

ಅವಳು ಮನೆಯ ಗ್ಯಾರೇಜಿನಲ್ಲೇ ಹೊಸ ಎಂಜಿನ್ ಕೂರಿಸಿದಾಗ ಅವನು ಬೇಡವೆನ್ನಲಿಲ್ಲ. ಬ್ರೇಕು ಬದಲಿಸಿದಳು, ತುಕ್ಕು ಹಿಡಿದ ನೆಲಹಾಸು ಕತ್ತರಿಸಿ ಹೊಸ ತಗಡು ಬೆಸೆದಳು. ಅದಕ್ಕೂ ಹೂಂ ಎಂದ.

“ಏನ್ ಬೇಕಾದ್ರೂ ಬದಲಾಯಿಸ್ಕೋ. ಎತ್ತರ ಮಾತ್ರ ಮುಟ್ಟಬೇಡ.”

ಪ್ರತಿ ಭಾನುವಾರ ಚರ್ಚಿಗೆ ಹೊರಡುವ ಮುನ್ನ ಅವನು ಗೇಣುದ್ದದ ಮರದ ತುಂಡೊಂದನ್ನು ಬಾಗಿಲ ಕೆಳಗಿನ ಕಾಲುಮೆಟ್ಟಿಲ ಅಡಿಗೆ ನಿಲ್ಲಿಸಿ ನೋಡುತ್ತಿದ್ದ. ಸರಿಯಾಗಿ ತಗುಲಿದರೆ ತಲೆಯಾಡಿಸುತ್ತಿದ್ದ.

ಹಾಸಿಗೆ ಹಿಡಿದ ಮೇಲೆ, ತನ್ನನ್ನು ತನ್ನ ಟ್ರಕ್ಕಿನಲ್ಲೇ ಒಯ್ಯಬೇಕು ಎಂದ. ಶವಪೆಟ್ಟಿಗೆಯ ಭಾರಕ್ಕೆ ಆ ಗಾಡಿ ಸ್ಮಶಾನದ ಗೇಟಿನೆದುರು ಕಾಲುವೆ ಮೇಲಿರುವ ಉಬ್ಬು ದಾಟುವುದುಂಟೆ? ನೀವೆಸ್ ಗುಟ್ಟಾಗಿ ಗಾಳಿಚೀಲಗಳನ್ನು ತರಿಸಿ ಅಚ್ಚಿನ ಮೇಲೆ ಕೂರಿಸತೊಡಗಿದಳು. ಗುಂಡಿ ಒತ್ತಿದರೆ ಗಾಡಿ ಏಳಬೇಕು, ಇನ್ನೊಂದು ಒತ್ತಿದರೆ ಇಳಿಯಬೇಕು.

“ಏನದು ಉಸ್ ಅಂತ ಸದ್ದು?” ಎಂದು ಅವನು ಮಲಗಿದಲ್ಲಿಂದಲೇ ಕೂಗಿದ್ದ.

“ಟೈರಿಗೆ ಗಾಳಿ ಹಾಕ್ತಿದೀನಪ್ಪಾ.”

ಅವರಿಬ್ಬರ ನಡುವಿನ ಕೊನೆಯ ಮಾತು ಅದೇ ಆಯಿತು, ಅದೂ ಸುಳ್ಳು.

* * *

ಮೆರವಣಿಗೆ ನಡಿಗೆಯ ವೇಗದಲ್ಲಿ ಸಾಗಿತು. ಹಿಂದೆ ಹನ್ನೊಂದು ತಗ್ಗು ಗಾಡಿಗಳು, ಎಲ್ಲವೂ ಕನ್ನಡಿಯಂತೆ ಒರೆಸಿದವು. ಗೇಟಿನ ಉಬ್ಬಿನ ಬಳಿ ಜನ ಆಗಲೇ ಸೇರಿದ್ದರು.

“ಊರೆಲ್ಲಾ ರಸ್ತೆ ಸಮ ಮಾಡಿದೋನು, ಇದೊಂದನ್ನ ಬಿಟ್ಟು ಹೋದ ನೋಡು,” ಎಂದ ಪಕ್ಕದ ಮನೆಯ ಮುದುಕ.

“ತನಗೇ ಬೇಕಾಗುತ್ತೆ ಅಂತ ಅವನಿಗೇನ್ ಗೊತ್ತಿತ್ತು,” ಎಂದಳು ಅವನ ಹೆಂಡತಿ, ನಗುತ್ತಲೇ ಕಣ್ಣೊರೆಸಿಕೊಂಡು.

ನೀವೆಸ್ ಗುಂಡಿ ಒತ್ತಿದಳು. ಟ್ರಕ್ಕು ಮೈಮುರಿದು ಎದ್ದಿತು. ಪೆಟ್ಟಿಗೆಯ ಮೇಲಿನ ಹೂವೊಂದೂ ಜಾರದಂತೆ ಉಬ್ಬು ದಾಟಿತು. ಯಾರೋ ಸಿಳ್ಳೆ ಹಾಕಿದರು. ಅಬೆಲಿನೊ ತಾನೇ ಬೆಸುಗೆ ಹಾಕಿದವನಂತೆ ಎದೆಯುಬ್ಬಿಸಿದ. ನೀವೆಸ್ ಮಾತ್ರ ಕನ್ನಡಿಯಲ್ಲಿ ಹಿಂದಿನ ಪೆಟ್ಟಿಗೆಯನ್ನು ನೋಡಿದಳು. ಗೆದ್ದೆ ಅಪ್ಪಾ, ನಿನ್ನ ಮಾತು ಮೀರಿ ಗೆದ್ದೆ ಎಂದುಕೊಂಡಳು.

ಮಣ್ಣು ಮಾಡಿ ಮುಗಿದ ಮೇಲೆ ತಾಯಿ ಒರಾಲಿಯಾ ಟ್ರಕ್ಕಿನ ಬಳಿ ಬಂದಳು. ಚಿಕ್ಕಂದಿನಲ್ಲೇ ಪೋಲಿಯೋ ಬಡಿದು ಅವಳ ಎಡಗಾಲು ಸೊರಗಿತ್ತು. ಬರುವಾಗ ನೆಂಟರ ಕಾರಿನಲ್ಲಿ ಬಂದವಳು, ಹೋಗುವಾಗ ಇದರಲ್ಲೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಬಾಗಿಲ ಮುಂದೆ ನಿಂತವಳು ಅಲ್ಲೇ ನಿಂತುಬಿಟ್ಟಳು. ಗಾಡಿ ಇನ್ನೂ ಎತ್ತರದಲ್ಲೇ ಇತ್ತು.

“ಬಾ ಅತ್ತಿಗೆ, ಎತ್ತಿ ಕೂರಿಸ್ತೀನಿ,” ಎಂದು ಅಬೆಲಿನೊ ಕೈ ಚಾಚಿದ.

ಅವಳು ಆ ಕೈಗೆ ಪಟ್ಟೆಂದು ಹೊಡೆದಳು.

“ಮದುವೆ ದಿನ ಇದೇ ಥರ ಚರ್ಚಿನ ಮುಂದೆ ನಿಂತಿದ್ದೆ. ಈ ಟ್ರಕ್ ಹತ್ತೋಕಾಗ್ಲಿಲ್ಲ. ನಿಮ್ಮಣ್ಣ ಎತ್ತಿ ಕೂರಿಸಿದ, ಜನ ನಕ್ಕರು. ಮಾರನೇ ದಿನಾನೇ ಸ್ಪ್ರಿಂಗ್ ಕಿತ್ತು ಹಾಕಿದ. ನನ್ನ ಕಾಲು ಎಷ್ಟು ಏಳುತ್ತೆ ಅಂತ ಅಡುಗೆಮನೇಲಿ ನಿಲ್ಸಿ ಅಳೆದು, ಒಂದು ಮರದ ತುಂಡು ಕೊಯ್ದ.”

ನೀವೆಸ್ ತಾಯಿಯ ಮುಖವನ್ನೇ ನೋಡಿದಳು. “ಇಷ್ಟು ವರ್ಷ ಯಾಕಮ್ಮಾ ಹೇಳ್ಲಿಲ್ಲ?”

“ನಾನೇ ಆಣೆ ಹಾಕಿಸಿದ್ದೆ. ಕುಂಟಿಯ ಗಂಡ ಅನ್ನಿಸ್ಕೊಳ್ಳೋದಕ್ಕಿಂತ ಶೋಕಿಲಾಲ ಅನ್ನಿಸ್ಕೊಳ್ಳೋದೇ ವಾಸಿ ಅಂದೆ. ಅವನಿಗೂ ಖುಷಿನೇ ಆಯ್ತು ಬಿಡು.”

ಮರದ ತುಂಡು ಸೀಟಿನ ಕೆಳಗೇ ಇತ್ತು, ವರ್ಷಗಟ್ಟಲೆ ಕೈಯಾಡಿ ನುಣುಪಾಗಿ. ನೀವೆಸ್ ಅದನ್ನು ಕಾಲುಮೆಟ್ಟಿಲ ಕೆಳಗೆ ನೆಟ್ಟಗೆ ನಿಲ್ಲಿಸಿ, ಒಳಗೆ ಕೈ ಚಾಚಿ ಇಳಿಸುವ ಗುಂಡಿ ಒತ್ತಿ ಹಿಡಿದಳು. ಉಸ್ ಎಂದು ಗಾಳಿ ಬಿಡುತ್ತ ಟ್ರಕ್ಕು ಇಳಿಯಿತು, ಇಳಿಯಿತು, ಮರಕ್ಕೆ ತಗುಲಿತು. ಅವಳು ಬೆರಳು ತೆಗೆದಳು.

ಒರಾಲಿಯಾ ಬಲಗಾಲನ್ನು ಮೆಟ್ಟಿಲ ಮೇಲಿಟ್ಟು ಬಾಗಿಲು ಹಿಡಿದಳು. ಸೊರಗಿದ ಕಾಲು ಯಾರ ಕೈಯೂ ಸೋಕದೆ ಅದರ ಹಿಂದೆಯೇ ಮೇಲೆ ಬಂತು.